ಕಮ್ಮಿ ರೇಟಿನ ಎಸ್‌ಎಸ್‌ಡಿ ತಗೊಳ್ಳೋ ಮುಂಚೆ ಇದನ್ನ ಓದಿ

ತುಮಕೂರಲ್ಲಿ ಫ್ಲೆಕ್ಸು, ಲಗ್ನಪತ್ರಿಕೆ ಡಿಸೈನ್ ಮಾಡೋರೆಲ್ಲ ದಯವಿಟ್ಟು ಓದಿ. ಹೇಳ್ಕೊಳ್ಳೋಕೆ ನಾಚಿಕೆ, ಆದ್ರೂ ಬರೀತಿದೀನಿ. ಕಂಪ್ಯೂಟರ್ ಫೈಲ್ ಇಡೋ ಡಿಸ್ಕು, 1 ಟಿಬಿ ಎಸ್‌ಎಸ್‌ಡಿ ಅಂತ 2,200 ರೂಪಾಯಿ ಕೊಟ್ಟು ತಂದು, ಹನ್ನೊಂದು ವರ್ಷದ ಫೈಲು ಕಳ್ಕೊಂಡು ಕೂತಿದೀನಿ. ಹನ್ನೊಂದು ವರ್ಷ!

ನಮ್ಮ ಕೆಲಸ ನಿಮಗೆ ಗೊತ್ತೇ ಇದೆ. ಹಳೇ ಫೈಲ್ ತೆಗೆದು ಹೆಸರು, ಮುಹೂರ್ತ ಬದಲಾಯಿಸೋದೇ ಅರ್ಧ ಸಂಪಾದನೆ. ಬಾರ್ಡರು, ಕಲಶ, ಮಾವಿನ ತೋರಣ, ನೂರಾರು ಗಣಪತಿ, ಕೋರೆಲ್ ಫೈಲು, ಫೋಟೋಶಾಪಿನ ಪಿಎಸ್‌ಡಿ ಫೈಲು ಎಲ್ಲಾ ಒಂದು 500 ಜಿಬಿ ಡಿಸ್ಕಲ್ಲಿ ರಾಶಿ ಬಿದ್ದಿತ್ತು. 'ಫೈನಲ್', 'ಫೈನಲ್ 2', 'ಇದೇ ಫೈನಲ್'. ಆಷಾಢದಲ್ಲಿ ಮದುವೆ ಕೆಲಸ ಇರಲ್ವಲ್ಲ, ಈ ಸಲ ಕೂತು ಜೋಡಿಸಿಬಿಡೋಣ ಅಂದ್ಕೊಂಡೆ. ಮದುವೆ, ಗೃಹಪ್ರವೇಶ, ಜಾತ್ರೆ, ವೈಕುಂಠ ಸಮಾರಾಧನೆ ಅಂತ ಬೇರೆ ಬೇರೆ ಫೋಲ್ಡರು, ಒಳಗೆ ವರ್ಷದ ಪ್ರಕಾರ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಹೊಡೆದ ಹಳೇ ಫೈಲು ಆ ಫಾಂಟ್ ಇಲ್ದಿದ್ರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗತ್ತಲ್ಲ, ಅದಕ್ಕೇ ಫೈಲಿನ ಪಕ್ಕದಲ್ಲೇ ಫಾಂಟೂ ಇಟ್ಟೆ. ಇಷ್ಟೆಲ್ಲ ನಾಜೂಕು ಮಾಡಿದವನು ಡಿಸ್ಕ್ ತಗೊಳ್ಳೋವಾಗ ಪೆದ್ದನಾದೆ.

ಅಂಗಡಿ ಹೆಸರು ಬೇಡ. ಬೇರೆ ಕಡೆ ಐದಾರು ಸಾವಿರ ಹೇಳಿದ್ದು ಇಲ್ಲಿ 2,200. ಅನುಮಾನ ಬಂದು ಅಲ್ಲೇ ಲ್ಯಾಪ್‌ಟಾಪಿಗೆ ಹಾಕಿಸಿ ನೋಡ್ದೆ. ವಿಂಡೋಸಲ್ಲಿ 1 ಟಿಬಿ ಅಂದ್ರೆ 931 ಜಿಬಿ ತೋರಿಸ್ಬೇಕು, ಅದು ನನಗೆ ಗೊತ್ತು. ಸರಿಯಾಗಿ 931 ತೋರಿಸ್ತು. ಆಹಾ, ನಾನೆಂಥ ಜಾಣ ಅಂದ್ಕೊಂಡೆ! "ಬಿಲ್ ಬೇಕಾ ಸಾರ್? ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಆಗತ್ತೆ" ಅಂದ. 396 ರೂಪಾಯಿ ಯಾಕೆ ದಂಡ ಅಂತ ಬೇಡ ಅಂದೆ.

ಮನೇಲಿ ಕಾಪಿ ಮಾಡಿಲ್ಲ ಸ್ವಾಮಿ, ಕಟ್ ಮಾಡಿ ಪೇಸ್ಟ್ ಮಾಡ್ದೆ. ಖಾಲಿಯಾದ ಹಳೇ ಡಿಸ್ಕನ್ನ ಭಾವನ ಅಂಗಡಿ ಸಿಸಿಟಿವಿಗೆ ಕೊಟ್ಟೆ.

ಶ್ರಾವಣ ಬಂತು. ಕ್ಯಾತ್ಸಂದ್ರದ ಹಳೇ ಗಿರಾಕಿಯೊಬ್ರು, ದೊಡ್ಡ ಮಗಳಿಗೆ ಮಾಡಿದ ಪತ್ರಿಕೆ ತರದ್ದೇ ಚಿಕ್ಕವಳಿಗೂ ಬೇಕು ಅಂತ ಬಂದ್ರು. ಹುಡುಕೋದೇ ಬೇಡ, ಎರಡು ಸೆಕೆಂಡಲ್ಲಿ ಫೈಲ್ ಸಿಕ್ತು. ಬೀಗಿಕೊಂಡು ಒತ್ತಿದೆ. ತೆರೀಲಿಲ್ಲ. ಪಕ್ಕದ್ದು ಒತ್ತಿದೆ, ಅದೂ ಇಲ್ಲ. ಹೆಸರಿದೆ, ತಾರೀಕಿದೆ, ಸೈಜ್ 84 ಎಂಬಿ ಅಂತಿದೆ, ಒಳಗೆ ಏನೂ ಇಲ್ಲ. ಅವರು ಟೀ ಕುಡೀತಾ ನೋಡ್ತಾನೇ ಇದ್ರು. ನನಗೆ ಬೆವರು. ಮೊದಲು ಹಾಕಿದ ಒಂದಷ್ಟು ಫೈಲು ಮಾತ್ರ ಸರಿ, ಮಿಕ್ಕಿದ್ದೆಲ್ಲ ಬರೀ ಹೆಸರು.

ಅಂಗಡಿಗೆ ಓಡ್ದೆ.

"ನೀವು ಸರಿಯಾಗಿ ಇಜೆಕ್ಟ್ ಮಾಡಿಲ್ಲ ಸಾರ್."

ಮಾಡಿದೀನಿ ಅಂದೆ.

"ಹಂಗಾದ್ರೆ ವೈರಸ್ಸು."

ಕೊನೆಗೆ, "ಡೇಟಾಗೆ ಯಾರೂ ಗ್ಯಾರಂಟಿ ಕೊಡಲ್ಲ. ಬಿಲ್ ತನ್ನಿ, ಪೀಸ್ ಬದಲಾಯಿಸಿ ಕೊಡ್ತೀನಿ." ಬಿಲ್ ತನ್ನಿ! ನಗ್ತಾ ಹೇಳ್ದ. ಬಿಲ್ ಕೊಡ್ದೆ ಇರೋನೇ ಬಿಲ್ ಕೇಳ್ತಾನೆ. ಇನ್ನೊಂದು ಸಲ ಹೋದಾಗ "ನಮ್ಮಲ್ಲೇ ತಗೊಂಡಿದ್ದು ಅಂತ ಏನ್ ಸಾಕ್ಷಿ?" ಅಂತ ಶುರು ಮಾಡ್ದ. ಕ್ಯಾಶ್ ಬೇರೆ ಕೊಟ್ಟಿದ್ದೆ.

ರಾತ್ರಿ ಸಿಟ್ಟಲ್ಲಿ ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದೆ. ಒಳಗೆ ಎಸ್‌ಎಸ್‌ಡಿನೂ ಇಲ್ಲ, ಎಂಥದ್ದೂ ಇಲ್ಲ. ಮೊಬೈಲಿಗೆ ಹಾಕೋ 64 ಜಿಬಿ ಮೆಮೊರಿ ಕಾರ್ಡು, ಸುತ್ತ ಗಮ್ಮು. 1 ಟಿಬಿ ಅಂತ ಸುಳ್ಳು ಹೇಳೋ ಹಂಗೆ ಅದರ ಚಿಪ್ಪಿಗೆ ಮೊದಲೇ ಕಲಿಸಿರ್ತಾರೆ. ಜಾಗ ತುಂಬಿದ್ಮೇಲೂ ತಗೊಳ್ತಾ ಇರತ್ತೆ, ಎರರ್ ಕೊಡಲ್ಲ. ರಿಕವರಿಯವರು "ಅದರಲ್ಲಿ ಬರೆದೇ ಇಲ್ಲ, ಏನ್ ತೆಗೀಲಿ" ಅಂದ್ರು. ಹಳೇ ಡಿಸ್ಕಲ್ಲಾದ್ರೂ ಸಿಗತ್ತಾ ಅಂದ್ರೆ, ಅದರ ಮೇಲೆ ಭಾವನ ಅಂಗಡೀಲಿ ಅಕ್ಕಿ ಬೇಳೆ ತಗೊಳ್ಳೋರ ವಿಡಿಯೋ ಹಗಲೂ ರಾತ್ರಿ ತುಂಬಿದೆ.

ಹೊಸ ಡಿಸ್ಕ್ ತಂದ್ರೆ ಎಚ್2ಟೆಸ್ಟ್‌ಡಬ್ಲ್ಯು ಅಂತ ಫ್ರೀ ಸಾಫ್ಟ್‌ವೇರ್ ಇದೆ, ಖಾಲಿ ಇರೋವಾಗಲೇ ಪೂರ್ತಿ ತುಂಬಿಸಿ ವಾಪಸ್ ಓದಿ ನೋಡತ್ತೆ. ರಾತ್ರಿಯೆಲ್ಲ ಹಿಡಿದ್ರೂ ಓಡಿಸಿ. ಕಟ್ ಮಾಡ್ಬೇಡಿ, ಕಾಪಿ ಮಾಡಿ, ಹಳೇದು ಹಂಗೇ ಇರ್ಲಿ. ಬಿಲ್ ತಗೊಳ್ಳಿ, ಬಿಲ್ ತಗೊಳ್ಳಿ. ಗ್ರಾಹಕರ ಸಹಾಯವಾಣಿ 1915 ಇದೆ, ಆದ್ರೆ ಕೈಲಿ ಒಂದು ಚೀಟಿನೂ ಇಲ್ದೆ ಫೋನ್ ಮಾಡಿ ನಾನೇನಂತ ಹೇಳ್ಲಿ?

ಈಗ ಹಳೇ ಗಿರಾಕಿಗಳಿಗೆಲ್ಲ ಫೋನ್ ಮಾಡಿ, "ನಿಮ್ಮನೆ ಪತ್ರಿಕೆ ಒಂದಾದ್ರೂ ಉಳಿದಿದ್ಯಾ, ಸ್ಕ್ಯಾನ್ ಮಾಡ್ಕೊಂಡು ಕೊಡ್ತೀನಿ" ಅಂತ ಕೇಳ್ತಿದೀನಿ.