ಕರಾವಳಿಯಲ್ಲಿ .22 ರೈಫಲ್: 66 ಸೆಂ.ಮೀ. ನಳಿಕೆ ಮತ್ತು ತೋಟೆಯ ಆಯ್ಕೆ

ಜರ್ಮನಿಯ ಅನ್‌ಶುಟ್ಸ್ ಕಂಪನಿಯ 1907 ಮಾದರಿಯ .22 ಎಲ್‌ಆರ್ (ಲಾಂಗ್ ರೈಫಲ್ ಎಂಬ ಚಿಕ್ಕ ತೋಟೆಯ) ರೈಫಲನ್ನು ನಾನು ಹಲವು ವರ್ಷಗಳಿಂದ ಮಂಗಳೂರಿನಲ್ಲಿ 50 ಮೀಟರ್ ಪ್ರೋನ್, ಅಂದರೆ ಮಲಗಿ ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸುತ್ತಿದ್ದೇನೆ. ಇದರ ನಳಿಕೆ 66 ಸೆಂ.ಮೀ. ಉದ್ದವಿದೆ, ಇದೇ ತಯಾರಕರ 1913 ಮಾದರಿಯದು 69. ಎರಡರಲ್ಲಿ ಯಾವುದನ್ನು ಕೊಳ್ಳಬೇಕೆಂದು ಹೊಸಬರು ಕೇಳುತ್ತಲೇ ಇರುತ್ತಾರೆ.

ಬೆಳೆ ರಕ್ಷಣೆಯ ಕೋವಿ ನೋಡಿ ಬೆಳೆದ ನಮ್ಮ ಜಿಲ್ಲೆಯವರಲ್ಲಿ, ನಳಿಕೆ ಉದ್ದವಾದಷ್ಟೂ ಗುಂಡಿನ ವೇಗ ಹೆಚ್ಚು ಎಂಬ ನಂಬಿಕೆ ಬಲವಾಗಿದೆ. ಸುಮಾರು 3 ಗ್ರಾಂ ಸಿಡಿಮದ್ದು ಹಿಡಿಯುವ .308 ವಿಂಚೆಸ್ಟರ್ ಎಂಬ ದೊಡ್ಡ ತೋಟೆಯ ಮಟ್ಟಿಗೆ ಅದು ಸರಿ. ಅಲ್ಲಿ ಒಂದೊಂದು ಅಂಗುಲಕ್ಕೂ ವೇಗವು ಸೆಕೆಂಡಿಗೆ 6ರಿಂದ 9 ಮೀಟರಿನಷ್ಟು ಏರುತ್ತದೆ. ಆದರೆ .22ರಲ್ಲಿ ಇರುವುದು 0.1 ಗ್ರಾಮಿನ ಆಸುಪಾಸಿನ ಮದ್ದು. ಗುಂಡು 40–45 ಸೆಂ.ಮೀ. ದಾಟುವಷ್ಟರಲ್ಲಿ ಅನಿಲದ ಒತ್ತಡ ಕುಗ್ಗಿರುತ್ತದೆ, ಅಲ್ಲಿಂದ ಮುಂದೆ ಘರ್ಷಣೆಯೇ ಮೇಲುಗೈ ಪಡೆಯುತ್ತದೆ. ಹಾಗಾಗಿ ಉದ್ದವನ್ನು ತೂಕದ ಸಮತೋಲನ ಮತ್ತು ಎರಡು ಸೈಟುಗಳ (ಗುರಿ ನೋಡಲು ಹಿಂದೆ, ಮುಂದೆ ಇರುವ ಸಾಧನಗಳ) ನಡುವಿನ ಅಂತರ ನೋಡಿ ಆರಿಸಬೇಕು. ಅಂತರ ಸಾಲದೆನಿಸಿದರೆ ನಳಿಕೆಯ ತುದಿಗೆ ಮುಂದಿನ ಸೈಟನ್ನು ಹೊರುವ ಟ್ಯೂಬ್ ಜೋಡಿಸಬಹುದಾದ್ದರಿಂದ, ನನ್ನ ಮಟ್ಟಿಗೆ 66 ಧಾರಾಳವಾಗಿ ಸಾಕು.

ಫಲಿತಾಂಶವನ್ನು ನಿಜವಾಗಿ ನಿರ್ಧರಿಸುವುದು ತೋಟೆ. 50 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿ.ಮೀ. ಸ್ಪರ್ಧೆಯ ತೋಟೆಗಳ 2.6 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ, ಅಂದರೆ ಶಬ್ದಕ್ಕಿಂತ ನಿಧಾನವಾಗಿ ಹೊರಡುತ್ತದೆ. ಹೈ ವೆಲಾಸಿಟಿ ತೋಟೆ ಶಬ್ದದ ವೇಗವನ್ನು ಮೀರಿ ಹೊರಟರೂ, ಆ ವೇಗದ ಬಳಿ ಗಾಳಿಯ ಪ್ರತಿರೋಧ ಏಕಾಏಕಿ ಹೆಚ್ಚುವುದರಿಂದ ಬೇಗನೆ ವೇಗ ಕಳೆದುಕೊಂಡು ಅಡ್ಡಗಾಳಿಗೆ ಇನ್ನೂ ಹೆಚ್ಚು ಸರಿಯುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುವ ನಮ್ಮೂರಿನಲ್ಲಿ, ಅದರಲ್ಲೂ 100 ಮೀಟರಿಗೆ ಹೊಡೆಯುವಾಗ, ಈ ವ್ಯತ್ಯಾಸ ಹಲಗೆಯ ಮೇಲೆ ಕಣ್ಣಿಗೆ ಬೀಳುತ್ತದೆ. ನಮ್ಮ ಸೆಖೆಯಿಂದ ಒಂದು ಅನುಕೂಲವೂ ಇದೆ. ಸೊನ್ನೆ ಡಿಗ್ರಿಯಲ್ಲಿ ಶಬ್ದದ ವೇಗ 331 ಮೀಟರ್, 30 ಡಿಗ್ರಿಯಲ್ಲಿ ಸುಮಾರು 349. ಆದ್ದರಿಂದ ಚಳಿಯ ದೇಶದಲ್ಲಿ ಶಬ್ದದ ಅಂಚಿಗೆ ತಾಗುವ ಅದೇ ತೋಟೆ ಇಲ್ಲಿ ನೆಮ್ಮದಿಯ ಅಂತರದಲ್ಲಿ ಓಡುತ್ತದೆ.

ಒಂದೇ ಬ್ರ್ಯಾಂಡಿನ ತೋಟೆಯ ಎರಡು ಲಾಟ್‌ಗಳೂ (ಒಟ್ಟಿಗೆ ತಯಾರಾದ ಕಂತುಗಳೂ) ಒಂದೇ ನಳಿಕೆಯಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ. ಎಲೀ ಟೆನೆಕ್ಸ್, ಆರ್‌ಡಬ್ಲ್ಯುಎಸ್ ಆರ್50, ಲಪುವಾ ಸೆಂಟರ್-ಎಕ್ಸ್ ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಗಿಂತ, ತಮ್ಮ ರೈಫಲಿನಲ್ಲಿ ಪರೀಕ್ಷಿಸಿ ಹಲಗೆಯ ಮೇಲೆ ಗುಂಡುಗಳ ಬಿಗಿಯಾದ ಗುಂಪು ಕೊಟ್ಟ ಲಾಟನ್ನೇ ಪರವಾನಗಿಯ ಮಿತಿಯೊಳಗೆ ಸಾಧ್ಯವಾದಷ್ಟು ಕೊಂಡಿಡುವುದು ಉಪಯುಕ್ತ. ಗುಂಡಿನ ಮೇಲೆ ಮೇಣದ ಲೇಪವಿರುವುದರಿಂದ ಪೆಟ್ಟಿಗೆಗಳನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಲೇಬಾರದು.

ಮಳೆಗಾಲದಲ್ಲಿ ಫೋಮ್ ಪೆಟ್ಟಿಗೆ ತೇವ ಹಿಡಿದು ತುಕ್ಕು ತರಿಸುತ್ತದೆ. ರೈಫಲನ್ನು ಹೊರತೆಗೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಇಟ್ಟ ಬೀಗದ ಕಪಾಟಿನಲ್ಲಿ ನಿಲ್ಲಿಸುವ ಕ್ರಮದಿಂದ ನನ್ನ ನಳಿಕೆ ಇಂದಿಗೂ ಕಲೆಯಿಲ್ಲದೆ ಉಳಿದಿದೆ.