ಟೈರು ರಿಮ್ಮಿನ ಮೇಲೆ ಸಮ ಕೂರಬೇಕಾ? ಕಂಪ್ರೆಸರ್‌ಗಿಂತ ಸೋಪಿನ ನೀರೇ ವಾಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸೋಪಿನ ನೀರಿಗೆ ಮತ್ತು ನಿಂತುಕೊಂಡು ಎರಡೂ ಕೈಯಲ್ಲಿ ಹೊಡೆಯುವ ಉದ್ದನೆ ಪಂಪಿಗೆ. ಬರಿಗೈ, ಕಂಪ್ರೆಸರ್ ಎರಡನ್ನೂ ನೋಡಿದ ಮೇಲೆ ಇಲ್ಲಿಗೆ ಬಂದು ನಿಂತಿದ್ದೇನೆ. ಅಷ್ಟರಲ್ಲಿ ಒಂದು ಹೊಸ ಟ್ಯೂಬು ಹೋಯಿತು, ಮೂರು ಭಾನುವಾರ ಹೋದವು.

ಟೈರು ಸಮ ಕೂತಿಲ್ಲ ಅನ್ನುವ ಸುಳಿವು ಸಿಕ್ಕಿದ್ದು ಬೆಳಗಾವಿ ಹತ್ತಿರದ ಕೋಟೆ ಗುಡ್ಡ ಯಳ್ಳೂರು ಗಡದ ಇಳಿಜಾರಿನಲ್ಲಿ. ನನ್ನದು 29 ಇಂಚಿನ ಗಾಲಿಯ ಮೌಂಟನ್ ಬೈಕು. ಹಿಂದಿನ ಟೈರು ಸವೆದಿತ್ತು, ಮಡಚಿ ಬರುವ ಹೊಸ ಟೈರು ತರಿಸಿ ಮನೆಯಲ್ಲೇ ಹಾಕಿದ್ದೆ. ತಿಲಕವಾಡಿಯಿಂದ ವಡಗಾವಿ ದಾಟಿ ಭತ್ತದ ಗದ್ದೆಗಳ ನಡುವೆ ನಿಧಾನಕ್ಕೆ ಹೋಗುವಾಗ ಏನೂ ಅನ್ನಿಸಲಿಲ್ಲ. ಗಡ ಹತ್ತಿ ಇಳಿಯೋಕೆ ಶುರು ಮಾಡಿದ ಮೇಲೆ ಸೀಟು ಕೆಳಗಿಂದ ಕುಟ್ಟತೊಡಗಿತು. ಗಾಲಿ ಒಂದು ಸುತ್ತು ಬಂದರೆ ಒಂದು ಏಟು. ಜೋರಾಗಿ ಬಿಟ್ಟರೆ ಇಡೀ ಸೈಕಲ್ಲೇ ಕುಣಿಯುತ್ತಿತ್ತು.

ಮರುದಿನ ಒಂದು ಪಂಕ್ಚರ್ ಅಂಗಡಿಗೆ ಹೋದೆ. ಗಾಲಿ ತಿರುಗಿಸಿ ನೋಡಿದವನೇ "ಗಾಲಿ ಔಟ್ ಐತ್ರಿ ಸರ, ಕಡ್ಡಿ ಬಿಗಿ ಮಾಡ್ಬೇಕು" ಅಂದ. ಇಲ್ಲೇ ಬಹಳ ಜನ ಸುಮ್ನೆ ದುಡ್ಡು ಕಳೆಯುತ್ತಾರೆ. ಔಟ್ ಇರುವುದು, ಅಂದರೆ ಸಮ ತಿರುಗದೆ ಓಲಾಡುವುದು, ರಿಮ್ಮಾ, ಟೈರಾ ಅಂತ ಮೊದಲು ನೋಡಿಕೊಳ್ಳಿ. ಫ್ರೇಮಿಗೆ ಒಂದು ಬೆಂಕಿಕಡ್ಡಿಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಅದರ ತುದಿ ರಿಮ್ಮಿನ ಅಂಚಿಗೆ ತಾಗಿಯೂ ತಾಗದ ಹಾಗೆ ಇಟ್ಟು ಗಾಲಿ ತಿರುಗಿಸಿದೆ. ಕಡ್ಡಿಗೂ ರಿಮ್ಮಿಗೂ ನಡುವಿನ ಸಂದು ಎಲ್ಲೂ ಬದಲಾಗಲಿಲ್ಲ. ಅಂದರೆ ರಿಮ್ಮು ಸರಿಯಾಗೇ ಇದೆ. ಅದೇ ಕಡ್ಡಿಯನ್ನು ಟೈರಿನ ಮೇಲ್ಭಾಗಕ್ಕೆ ಸರಿಸಿದರೆ ಒಂದು ಕಡೆ ಬಂದು ತಾಗುತ್ತದೆ, ಇನ್ನೊಂದು ಕಡೆ ಬೆರಳು ಹೋಗುವಷ್ಟು ಸಂದು.

ಟೈರಿನ ಪಕ್ಕದಲ್ಲಿ, ರಿಮ್ಮಿಗೆ ಸ್ವಲ್ಪ ಮೇಲೆ, ಸುತ್ತಲೂ ಒಂದು ಸಣ್ಣ ಗೆರೆ ಇರುತ್ತದೆ. ಅದನ್ನು ಕೊಟ್ಟಿರುವುದೇ ಇದಕ್ಕೆ. ಆ ಗೆರೆ ರಿಮ್ಮಿನಿಂದ ಎಲ್ಲಾ ಕಡೆ ಒಂದೇ ದೂರದಲ್ಲಿ ಕಂಡರೆ ಟೈರು ಕೂತಿದೆ ಅಂತ ಅರ್ಥ. ನನ್ನದರಲ್ಲಿ ವಾಲ್ವಿನ ಹತ್ತಿರ ಒಂದು ಗೇಣು ಉದ್ದಕ್ಕೆ ಗೆರೆ ಕಾಣಿಸುತ್ತಲೇ ಇರಲಿಲ್ಲ. ರಿಮ್ಮಿನ ಒಳಗೇ ಮುಳುಗಿತ್ತು. ಎರಡೂ ಬದಿ ನೋಡಬೇಕು, ಒಂದು ಬದಿ ಸರಿ ಇದ್ದು ಇನ್ನೊಂದು ಬದಿ ಮುಳುಗಿರುವುದೂ ಉಂಟು.

ಬರಿಗೈ ವಿಷಯ ಬೇಗ ಮುಗಿಸುತ್ತೇನೆ. ಗಾಳಿ ಇಳಿಸಿ, ಹೆಬ್ಬೆರಳಿನಿಂದ ಎಳೆದು, ಮತ್ತೆ ಗಾಳಿ ಹೊಡೆಯುವುದು. ಅಂಚಿನೊಳಗೆ ತಂತಿ ಇರುವ, ಮಡಚಲು ಬಾರದ ಸಡಿಲ ಟೈರಿಗೆ ಇದು ಸಾಕಾಗುತ್ತದೆ, ನನ್ನ ತಮ್ಮನ 26 ಇಂಚಿನ ಹಳೇ ಸೈಕಲ್ಲಿಗೆ ಹೀಗೇ ಮಾಡುತ್ತೇವೆ. ಬಿಗಿ ಟೈರಿಗೆ ಆಗುವುದಿಲ್ಲ. ಒಣ ರಬ್ಬರು ರಿಮ್ಮನ್ನು ಕಚ್ಚಿಕೊಂಡುಬಿಡುತ್ತದೆ. ಓಡಿಸ್ತಾ ಓಡಿಸ್ತಾ ತಾನೇ ಕೂರುತ್ತೆ ಅಂದವರೂ ಇದ್ದಾರೆ. ಎರಡು ವಾರ ಓಡಿಸಿದೆ, ಕೂರಲಿಲ್ಲ.

ಆಮೇಲೆ ಕಂಪ್ರೆಸರ್. ಮೌಂಟನ್ ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ಮೋಟರ್‌ಸೈಕಲ್ಲಿನಂಥದೇ ದಪ್ಪ ವಾಲ್ವ್ ಇರುತ್ತದೆ, ಹಾಗಾಗಿ ಯಾವ ಅಂಗಡಿಯ ಪೈಪಾದರೂ ಕೂರುತ್ತದೆ. ಜೋರು ಗಾಳಿ ಬಿಟ್ಟರೆ ಟೈರು ತಾನೇ ಮೇಲೆ ಹಾರುತ್ತೆ ಅಂತ ನಾನೂ ನಂಬಿದ್ದೆ. ಅಂಗಡಿಯವನು ಮೀಟರ್ ನೋಡಲಿಲ್ಲ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಇನ್ನೊಂದಿಷ್ಟು ಬಿಟ್ಟ. ವಾಲ್ವಿನ ಹತ್ತಿರ ಮುಳುಗಿದ್ದ ಜಾಗ ಅಲ್ಲಾಡಲೇ ಇಲ್ಲ. ಅದರ ಎದುರು ಕಡೆ ಟೈರಿನ ಅಂಚು ರಿಮ್ಮಿನಿಂದ ಹೊರಗೆ ಜಾರಿ, ಟ್ಯೂಬು ಬಲೂನಿನ ಹಾಗೆ ಇಣುಕಿ ಢಮ್ ಅಂತು. ಪಕ್ಕದ ಚಹಾ ಅಂಗಡಿಯವರೆಲ್ಲ ಎದ್ದು ನಿಂತರು. ನನ್ನ ಕಿವಿ ಸಂಜೆವರೆಗೂ ಗುಂಯ್ ಅನ್ನುತ್ತಿತ್ತು.

ಆಮೇಲೆ ಕೂತು ಯೋಚಿಸಿದರೆ ಅದು ಹಾಗೇ ಆಗಬೇಕಿತ್ತು ಅನ್ನಿಸಿತು. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ, ಎರಡು ಬಾಜು ಮೆಟ್ಟಿಲು. ಟೈರಿನ ಅಂಚು ತಗ್ಗಿನಿಂದ ಮೆಟ್ಟಿಲಿಗೆ ಹತ್ತಬೇಕು. ಒಂದು ಕಡೆ ತಗ್ಗಿನಲ್ಲೇ ಸಿಕ್ಕಿಕೊಂಡರೆ ಎದುರು ಕಡೆ ಅಷ್ಟು ಸಡಿಲ ಸಿಗುತ್ತದೆ. ಗಾಳಿ ಸಡಿಲ ಇರುವ ಕಡೆಗೇ ನುಗ್ಗುತ್ತದೆ. ಮೋಟರ್‌ಸೈಕಲ್ ಟೈರಿಗೆ ಹೋಲಿಸಿದರೆ ಸೈಕಲ್ಲಿನದರಲ್ಲಿ ಹಿಡಿಸುವ ಗಾಳಿಯೇ ಕಡಿಮೆ, ಒಂದೆರಡು ಸೆಕೆಂಡಿನಲ್ಲಿ ಮಿತಿ ದಾಟಿಬಿಡುತ್ತದೆ. ಟ್ಯೂಬಿಲ್ಲದ ಟೈರು ಹಾಕುವವರಿಗೆ ಆ ಒಮ್ಮೆಲೇ ನುಗ್ಗುವ ಗಾಳಿ ನಿಜವಾಗಿ ಬೇಕಾಗುತ್ತದೆ, ಅದು ಬೇರೆ ಮಾತು. ಟ್ಯೂಬು ಇರುವವರಿಗೆ ಬೇಡವೇ ಬೇಡ.

ಇನ್ನು ವಾಲ್ವಿನ ಹತ್ತಿರವೇ ಯಾಕೆ ಮುಳುಗುತ್ತದೆ ಅನ್ನುವುದು. ನನ್ನ ತಲೆ ಜಾಸ್ತಿ ತಿಂದದ್ದು ಇದೇ. ವಾಲ್ವ್ ಕೂರುವ ಜಾಗದಲ್ಲಿ ಟ್ಯೂಬಿನ ರಬ್ಬರು ದಪ್ಪ ಇರುತ್ತದೆ. ಗಾಳಿ ಹೊಡೆಯುವ ಮೊದಲೇ ವಾಲ್ವನ್ನು ಕೆಳಗೆ ಎಳೆದಿಟ್ಟರೆ ಆ ದಪ್ಪ ರಬ್ಬರು ಟೈರಿನ ಎರಡು ಅಂಚುಗಳ ನಡುವೆ ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಟೈರನ್ನು ವಾಲ್ವಿನ ಎದುರು ಕಡೆಯಿಂದ ತೂರಿಸಲು ಶುರು ಮಾಡಿ, ವಾಲ್ವಿನ ಹತ್ತಿರ ಬಂದು ಮುಗಿಸಬೇಕು. ಮುಗಿದ ಮೇಲೆ ವಾಲ್ವನ್ನು ಒಳಗೆ ಟೈರಿನ ಕಡೆಗೆ ಒತ್ತಿ ಬಿಡಬೇಕು.

ಇದನ್ನೆಲ್ಲ ಮಾಡಿದರೂ ನನ್ನದು ಪೂರ್ತಿ ಸರಿಯಾಗಲಿಲ್ಲ. ಮೂರನೇ ಭಾನುವಾರ ಟೈರು ಪೂರ್ತಿ ಬಿಚ್ಚಿ ರಿಮ್ಮಿನ ಒಳಗೆ ಬೆರಳಾಡಿಸಿದೆ. ಗಾಲಿಯ ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಿರಲಿ ಅಂತ ಹಿಂದೆ ಯಾರೋ ಹಳೇ ಟ್ಯೂಬು ಕತ್ತರಿಸಿ ಪಟ್ಟಿ ಹಾಕಿದ್ದರು. ನಮ್ಮ ಕಡೆ ಇದು ಮಾಮೂಲು. ವಾಲ್ವಿನ ತೂತಿನ ಪಕ್ಕ ಆ ಪಟ್ಟಿ ಎರಡು ಪದರ ಆಗಿ, ತಗ್ಗು ಬಿಟ್ಟು ಮೆಟ್ಟಿಲಿನ ಮೇಲೆ ಹತ್ತಿ ಕೂತಿತ್ತು. ಟೈರಿನ ಅಂಚು ಕೂರಬೇಕಾದ ಜಾಗದಲ್ಲಿ ಮೊದಲೇ ರಬ್ಬರು! ಬೆರಳಿಗೆ ಆ ಉಬ್ಬು ತಾಗಿದಾಗ ಎಷ್ಟು ಸಮಾಧಾನ ಆಯಿತು ಅಂದರೆ ಹೇಳೋಕಾಗಲ್ಲ. ಪಟ್ಟಿ ಕಿತ್ತು ಹಾಕಿ, ರಿಮ್ಮಿನ ಅಗಲಕ್ಕೆ ಹೊಂದುವ ತೆಳು ರಿಮ್ ಟೇಪನ್ನು ಒಂದೇ ಪದರ ಸುತ್ತಿದೆ.

ಈಗ ನನ್ನ ಪದ್ಧತಿ ಹೀಗೆ. ಮಡಚಿ ಬಂದ ಟೈರನ್ನು ಒಂದು ತಾಸು ಬಿಸಿಲಿಗೆ ಇಡುತ್ತೇನೆ, ಮಡಿಕೆ ಬಿಡುತ್ತದೆ. ಹಾಕಿದ ಮೇಲೆ ಅರ್ಧ ಲೋಟ ನೀರಿಗೆ ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ ಕಲಸಿ, ಹಳೇ ಟೂತ್‌ಬ್ರಷ್ಷಿನಿಂದ ಎರಡೂ ಬದಿಯ ಅಂಚಿಗೆ ಹಚ್ಚುತ್ತೇನೆ. ಪಂಪಿನ ಮೀಟರಿನಲ್ಲಿ 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬರುವಷ್ಟು ಹೊಡೆದು ನಿಲ್ಲಿಸಿ, ಟ್ಯೂಬು ಎಲ್ಲಾದರೂ ಸಿಕ್ಕಿಕೊಂಡಿದೆಯಾ, ಗೆರೆ ಎಲ್ಲಿ ಮುಳುಗಿದೆ ಅಂತ ಸುತ್ತಲೂ ನೋಡುತ್ತೇನೆ. ಮುಳುಗಿದ ಕಡೆ ಅಂಗೈಯಿಂದ ಹೊರಗೆ ಹೊರಳಿಸಿ, ಇನ್ನೊಮ್ಮೆ ಸೋಪು ಹಚ್ಚಿ, ನಿಧಾನಕ್ಕೆ ಟೈರಿನ ಮೇಲೆ ಬರೆದ ಮಿತಿಯ ಕಡೆಗೆ ಹೋಗುತ್ತೇನೆ. ರಿಮ್ಮಿನ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಮಿತಿ. ನನ್ನದು 40 ದಾಟುತ್ತಿದ್ದಂತೆ ಟಪ್ ಅಂತ ಸದ್ದು ಮಾಡಿ ಗೆರೆ ಮೇಲೆ ಬಂತು. ಆಮೇಲೆ ಓಡಿಸುವಷ್ಟಕ್ಕೆ, ನನಗೆ 30ಕ್ಕೆ, ಇಳಿಸಿದೆ.

ಎಣ್ಣೆ, ಗ್ರೀಸ್ ಹಚ್ಚಬೇಡಿ. ಅದು ರಬ್ಬರನ್ನು ಕೆಡಿಸುತ್ತದೆ, ಒಣಗುವುದೂ ಇಲ್ಲ, ಬ್ರೇಕ್ ಹಿಡಿದಾಗ ಟೈರು ರಿಮ್ಮಿನ ಮೇಲೇ ಜಾರಿ ವಾಲ್ವ್ ಕೀಳಬಹುದು.

ಪಂಪಿಗೆ ನನಗೆ 1,400 ರೂಪಾಯಿ ಬಿತ್ತು, ಮೀಟರ್ ಸಮೇತ. ಕಂಪ್ರೆಸರ್ ಗಾಳಿ ಹತ್ತು ರೂಪಾಯಿಗೆ ಸಿಗುತ್ತದೆ ನಿಜ. ಆದರೆ ನಾನು ಹೊರಡುವುದು ಬೆಳಿಗ್ಗೆ ಐದೂವರೆಗೆ, ಆಗ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಮಳೆಗಾಲದಲ್ಲಿ ಜಾಂಬೋಟಿ ಕಡೆ ಹೋಗುವಾಗ ಕೆಸರಿಗೆ ಅಂತ ಗಾಳಿ ಕಡಿಮೆ ಮಾಡುತ್ತೇನೆ, ಬಂದ ಮೇಲೆ ಮತ್ತೆ ಹೊಡೆಯುತ್ತೇನೆ. ವರ್ಷಕ್ಕೊಮ್ಮೆ ಮಾತ್ರ ಟೈರು ಬದಲಿಸುವ, ಮನೆ ಪಕ್ಕದಲ್ಲೇ ಮೀಟರ್ ನೋಡಿ ಗಾಳಿ ಬಿಡುವ ಅಂಗಡಿ ಇರುವವರು ಪಂಪಿಗೆ ದುಡ್ಡು ಹಾಕದಿದ್ದರೂ ನಡೆಯುತ್ತದೆ. ಅಂಥವರು ಮನೆಯಲ್ಲೇ ಅಂಚಿಗೆ ಸೋಪು ಹಚ್ಚಿಕೊಂಡು ಹೋಗಿ, ಒಮ್ಮೆಲೇ ಬೇಡ, ಎರಡು ಸಲ ನಿಲ್ಲಿಸಿ ಗಾಳಿ ಬಿಡಿ ಅಂತ ಹೇಳಿ.

ಸೋಪು ಹಚ್ಚುವಾಗ ಬ್ರೇಕಿನ ಡಿಸ್ಕಿಗೆ ಒಂದು ಬಟ್ಟೆ ಸುತ್ತಿ. ಕೂತ ಮೇಲೆ ಒದ್ದೆ ಬಟ್ಟೆಯಿಂದ ರಿಮ್ಮನ್ನು ಒರೆಸಿ, ರಾತ್ರಿ ಹಾಗೇ ಒಣಗಲು ಬಿಟ್ಟು ಬೆಳಿಗ್ಗೆ ಹೊರಡಿ.