ಒಂದು ದಾಸೋಹ, ಮೂರು ಬೋರ್ಡು

ನಮ್ಮೂರಿನ ಮಠದ ಟ್ರಸ್ಟ್ ತಾಲೂಕು ಆಸ್ಪತ್ರೆಯ ಎದುರು ದಾಸೋಹ ನಡೆಸುತ್ತದೆ. ರೋಗಿಗಳ ಜೊತೆ ಬಂದವರಿಗೆ ದಿನಾ ಮಧ್ಯಾಹ್ನ ಊಟ. ನಾನು ಅಲ್ಲಿ ಬಡಿಸಲು ಹೋಗುತ್ತೇನೆ. ಕರಪತ್ರ, ರಸೀದಿ ಪುಸ್ತಕದ ಕೆಲಸವೂ ನನ್ನದೇ. ಹೋದ ವರ್ಷ ಸ್ವಾಮೀಜಿ ಕರೆದು, "ನಾವು ಏನು ಮಾಡ್ತಿದ್ದೀವಿ, ಯಾಕೆ ಮಾಡ್ತಿದ್ದೀವಿ ಅನ್ನೋದು ಒಂದೇ ಸಾಲಲ್ಲಿ ಜನಕ್ಕೆ ಗೊತ್ತಾಗಬೇಕು" ಅಂದರು. ಆರು ತಿಂಗಳಲ್ಲಿ ಮೂರು ಸಾಲು ಹಾಕಿ ನೋಡಿದೆವು. ಒಂದೊಂದೂ ಸುಮಾರು ಎರಡು ತಿಂಗಳು ಗೇಟಿನ ಮೇಲಿತ್ತು. ಬಂದವರು ಏನೇನು ಕೇಳುತ್ತಾರೆ ಅಂತ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಇಂಥದೇ ಕೆಲಸ ಹಿಡಿದಿರುವವರಿಗೆ ಉಪಯೋಗವಾಗಲಿ ಅಂತ ಆ ಅನುಭವ ಇಲ್ಲಿ ಹೇಳುತ್ತಿದ್ದೇನೆ.

ಮೊದಲ ಸಾಲು ಬಸವಣ್ಣನವರದು: "ಇವ ನಮ್ಮವ." ಟ್ರಸ್ಟಿನ ಹಿರಿಯರೆಲ್ಲ ಒಂದೇ ಮಾತಿನಲ್ಲಿ ಒಪ್ಪಿದರು. ನನಗೂ ಇದಕ್ಕಿಂತ ಒಳ್ಳೆಯದು ಸಿಗಲ್ಲ ಅನ್ನಿಸಿತ್ತು. ಕಾವಿ ಬಣ್ಣದ ಬೋರ್ಡು, ಬಿಳಿ ಅಕ್ಷರ. ನೋಡಲು ಚೆನ್ನಾಗಿತ್ತು.

ನಾಲ್ಕನೇ ದಿನವೋ ಐದನೇ ದಿನವೋ, ಒಬ್ಬರು ಗೇಟಿನ ಹತ್ತಿರ ನಿಂತೇ ಇದ್ದರು. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಫ್ಲಾಸ್ಕು, ಎಕ್ಸ್‌ರೇ ಕವರು. ಒಳಗೆ ಬನ್ನಿ ಅಂದೆ. ಅವರು ಬೋರ್ಡು ತೋರಿಸಿ, "ಇದು ನಿಮ್ಮವರಿಗೆ ಮಾತ್ರ ಅಲ್ವಾ ಸಾರ್?" ಅಂದರು.

ನನಗೆ ಮಾತೇ ಹೊರಡಲಿಲ್ಲ. ಆ ವಚನ ಶುರುವಾಗುವುದೇ "ಇವನಾರವ" ಅಂತ ಯಾರಿಂದಲೂ ಅನ್ನಿಸಬೇಡ ಅನ್ನೋ ಬೇಡಿಕೆಯಿಂದ. ಪೂರ್ತಿ ವಚನ ಗೊತ್ತಿದ್ದವರಿಗೆ ಎರಡು ಪದ ಸಾಕು, ಉಳಿದದ್ದು ಮನಸ್ಸಿನಲ್ಲೇ ತಾನಾಗಿ ಬರುತ್ತದೆ. ಗೊತ್ತಿಲ್ಲದವರಿಗೆ ಮಠದ ಗೇಟಿನ ಮೇಲೆ "ನಮ್ಮವ" ಅಂತ ಕಂಡರೆ ಅದು ಜಾತಿಯ ಮಾತಾಗಿ ಕೇಳುತ್ತದೆ. ನಾವು ವಚನವನ್ನು ಕತ್ತರಿಸಿದೆವು, ಅರ್ಥ ತಿರುಗಾಮುರುಗಾ ಆಯಿತು. ಆ ಎರಡು ತಿಂಗಳಲ್ಲಿ ಅದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಮತ್ತೆ ಮತ್ತೆ ಬಂತು. ಒಬ್ಬ ಹೆಣ್ಣುಮಗಳು "ಹೆಂಗಸರು ಕೂತ್ಕೋಬಹುದಾ?" ಅಂತಲೂ ಕೇಳಿದಳು. "ಇವ" ಅಂದರೆ ಗಂಡಸು ತಾನೇ.

ಶಾಸ್ತ್ರದ ಸಾಲು ಎಲ್ಲೂ ನಡೆಯಲ್ಲ ಅಂತ ನಾನು ಹೇಳುತ್ತಿಲ್ಲ. ರಾಮಕೃಷ್ಣ ಮಿಷನ್ ನೋಡಿ. ವಿವೇಕಾನಂದರು 1897ರಲ್ಲಿ ಅದನ್ನು ಕಟ್ಟಿದರು. ಅದರ ಧ್ಯೇಯವಾಕ್ಯ "ಆತ್ಮನೋ ಮೋಕ್ಷಾರ್ಥಂ ಜಗದ್ಧಿತಾಯ ಚ." ತನ್ನ ಮುಕ್ತಿಯೂ ಬೇಕು, ಲೋಕದ ಹಿತವೂ ಬೇಕು. ಸನ್ಯಾಸಿಗಳು ಯಾಕೆ ಆಸ್ಪತ್ರೆ, ಶಾಲೆ ನಡೆಸುತ್ತಾರೆ ಅನ್ನೋದಕ್ಕೆ ಉತ್ತರ ಆ ಸಾಲಿನಲ್ಲೇ ಇದೆ. ಆದರೆ ಅದು ಮೊದಲಿಗೆ ಸಂಸ್ಥೆಯ ಒಳಗಿನವರಿಗೆ ದಾರಿ ತೋರಿಸುವ ಮಾತು. ಹಸಿದು ಬಂದು ಹೊಸ್ತಿಲ ಹತ್ತಿರ ಅನುಮಾನದಿಂದ ನಿಂತವರಿಗೆ ಬೇಕಾದ ಮಾತು ಬೇರೆ.

ಎರಡನೆಯದು ಬೆಂಗಳೂರಿನ ಒಂದು ಬ್ರ್ಯಾಂಡಿಂಗ್ ಏಜೆನ್ಸಿ ಮಾಡಿಕೊಟ್ಟದ್ದು. ದಾನಿಗಳೊಬ್ಬರು ಖರ್ಚು ವಹಿಸಿಕೊಂಡರು. ಏಜೆನ್ಸಿಯವರು ಕೇಳಿದ ಒಂದು ಪ್ರಶ್ನೆಗೆ ಈಗಲೂ ಋಣಿಯಾಗಿದ್ದೇನೆ: "ನಿಮ್ಮ ದಾಸೋಹ ನಾಳೆ ನಿಂತರೆ ಯಾರಿಗೆ ಕಷ್ಟ?" ಅಲ್ಲಿಯವರೆಗೆ ನಾವು ಹಾಗೆ ಯೋಚಿಸಿರಲಿಲ್ಲ. ಆದರೆ ಕೊನೆಗೆ ಬಂದ ಸಾಲು "ಹಸಿವುಮುಕ್ತ ಸಮಾಜದ ದಿವ್ಯ ಸಂಕಲ್ಪ." ಜೊತೆಗೊಂದು ಲೋಗೋ: ಎರಡು ಕೈ, ನಡುವೆ ದೀಪ, ಸುತ್ತ ಭತ್ತದ ತೆನೆ.

ಈ ಸಾಲು ಯಾವ ಸಂಸ್ಥೆಯ ಬೋರ್ಡಿಗೆ ಬೇಕಾದರೂ ಕೂರುತ್ತದೆ. ಅದೇ ಅದರ ತೊಂದರೆ. ಶಾಲೆ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವ ಅಕ್ಷಯ ಪಾತ್ರ ಸಂಸ್ಥೆಯವರು 2000ದಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದರು. ಹಸಿವಿನ ಕಾರಣಕ್ಕೆ ಭಾರತದ ಯಾವ ಮಗುವೂ ಓದಿನಿಂದ ದೂರ ಉಳಿಯಬಾರದು ಅನ್ನೋದು ಅವರ ಆಶಯ. ಅದೂ ದೊಡ್ಡ ಮಾತೇ. ಆದರೆ ಅದರೊಳಗೆ ಒಂದು ಮಗು ಇದೆ, ಒಂದು ಶಾಲೆ ಇದೆ, ತಟ್ಟೆ ಊಟ ಯಾಕೆ ಅನ್ನೋ ಕಾರಣ ಇದೆ. ನಮ್ಮ ಸಾಲಿನಲ್ಲಿ ಆಸ್ಪತ್ರೆಯೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ.

ಅಕ್ಷರದ ತೊಂದರೆ ಬೇರೆ. ಇಂಗ್ಲಿಷಿನ ಅಳತೆಗೆ ಮಾಡಿದ ವಿನ್ಯಾಸದಲ್ಲಿ ಕನ್ನಡ ಕೂರಿಸಿದ್ದರು. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಅವಕ್ಕೆ ಜಾಗ ಬೇಕು. "ಸಂಕಲ್ಪ"ದ ಪ ಒತ್ತು ಕೆಳಗಿನ ಗೆರೆಗೆ ತಾಗಿ ಅರ್ಧ ಮುಚ್ಚಿಹೋಯಿತು. ಲೋಗೋವನ್ನು ರಸೀದಿಗೆ ಒತ್ತುವ ಒಂದು ಇಂಚಿನ ರಬ್ಬರ್ ಸೀಲಿಗೆ ಇಳಿಸಿದಾಗ ದೀಪ, ತೆನೆ, ಕೈ ಎಲ್ಲ ಸೇರಿ ಒಂದು ಕಪ್ಪು ಮಚ್ಚೆ ಆಯಿತು. ರಸೀದಿಯೇ ನಮ್ಮ ಮುಖ. ಐವತ್ತು ರೂಪಾಯಿ ಕೊಟ್ಟವರೂ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ.

ಒಂದು ಕಡೆ ಈ ಸಾಲು ಗೆದ್ದಿತು, ಅದನ್ನೂ ಹೇಳಬೇಕು. ಕಂಪನಿಗಳ ಸಿಎಸ್‌ಆರ್ ಹಣಕ್ಕೆ, ಅಂದರೆ ಅವು ಸಮಾಜದ ಕೆಲಸಕ್ಕೆ ಎತ್ತಿಡುವ ಹಣಕ್ಕೆ, ಅರ್ಜಿ ಹಾಕುವಾಗ ದೃಷ್ಟಿ, ಧ್ಯೇಯ ಅಂತ ಕಾಲಂಗಳಿರುತ್ತವೆ. ಅಲ್ಲಿ ತುಂಬಲು ಏಜೆನ್ಸಿಯವರು ಬರೆದ ಪುಟಗಳೇ ಕೆಲಸಕ್ಕೆ ಬಂದವು. ಗೇಟಿನಲ್ಲಿ ಮಾತ್ರ ಆ ಬೋರ್ಡನ್ನು ಯಾರೂ ಓದಲಿಲ್ಲ. ನನ್ನ ನೋಟ್‌ಬುಕ್ಕಿನ ಆ ಪುಟಗಳಲ್ಲಿ ಬೋರ್ಡಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

ಮೂರನೆಯದಕ್ಕೆ ಮೊದಲು ನಾನು ಬೇರೆಯವರ ಮಾತುಗಳನ್ನು ಜಾಸ್ತಿ ಗಮನಿಸಿದೆ. ಸಿದ್ಧಗಂಗೆ ಅಂದರೆ ಅನ್ನ, ಅಕ್ಷರ, ಆಶ್ರಯ. ಧರ್ಮಸ್ಥಳ ಅಂದರೆ ಅನ್ನ, ಔಷಧ, ವಿದ್ಯೆ, ಅಭಯ. ಲಂಡನ್ನಿನಲ್ಲಿ 1865ರಲ್ಲಿ ಶುರುವಾದ ಸಾಲ್ವೇಷನ್ ಆರ್ಮಿ ಅನ್ನೋ ಕ್ರೈಸ್ತ ಸಂಸ್ಥೆಯವರು ತಮ್ಮ ಕೆಲಸವನ್ನು ಸೂಪು, ಸೋಪು, ಸಾಲ್ವೇಷನ್ ಅಂತ ಹೇಳಿಕೊಂಡರು. ಮೊದಲು ಹೊಟ್ಟೆ, ಆಮೇಲೆ ಮೈ, ಕೊನೆಗೆ ಆತ್ಮ. ಮೂರೂ ಕಡೆ ಇರುವುದು ಬೆರಳು ಮಡಿಸಿ ಎಣಿಸಬಹುದಾದ ಕೆಲಸಗಳು. ಬೇರೆ ಬೇರೆ ಧರ್ಮ, ಬೇರೆ ಬೇರೆ ದೇಶ, ಆದರೂ ಆ ಗುಣ ಒಂದೇ. ನಮಗೆ ಎಣಿಸಲು ಇದ್ದದ್ದು ಒಂದೇ ಕೆಲಸ, ಊಟ. ಸುಮ್ನೆ ಮೂರು ಪದ ಜೋಡಿಸಿದರೆ ಸುಳ್ಳಾಗುತ್ತಿತ್ತು.

ಉತ್ತರ ಅಡುಗೆಮನೆ ಬಾಗಿಲಲ್ಲೇ ಇತ್ತು. ನಮ್ಮಲ್ಲಿ ಅಡುಗೆ ಮಾಡುವ ಅಜ್ಜಿ ಯಾರು ಬಂದರೂ ಹೆಸರು ಕೇಳಲ್ಲ, ಊರು ಕೇಳಲ್ಲ. ಸೌಟು ಕೈಯಲ್ಲೇ ಇರುತ್ತದೆ, "ಊಟ ಆಯ್ತೇನವ್ವಾ?" ಅನ್ನುತ್ತಾರೆ. ಆಗಿಲ್ಲ ಅಂದರೆ ತಟ್ಟೆ ಕೊಡುತ್ತಾರೆ. ಆಯ್ತು ಅಂದರೆ, "ಒಂದು ಲೋಟ ಮಜ್ಜಿಗೆ ಕುಡಿ" ಅನ್ನುತ್ತಾರೆ. "ಇವನಾರವ" ಅಂತ ಕೇಳದೆ ಇರುವುದು ಹೇಗೆ ಅಂತ ಅವರನ್ನು ನೋಡಿದರೆ ತಿಳಿಯುತ್ತದೆ.

ಹಾಗಾಗಿ ಮೂರನೇ ಬೋರ್ಡಿನ ಮೇಲೆ ದೊಡ್ಡದಾಗಿ "ಊಟ ಆಯ್ತಾ?" ಅಂತ ಬರೆಸಿದೆವು. ಕೆಳಗೆ ಸಣ್ಣದಾಗಿ "ಮಧ್ಯಾಹ್ನ 12.30ರಿಂದ 2.30. ಯಾರು ಬೇಕಾದರೂ ಬನ್ನಿ. ದುಡ್ಡಿಲ್ಲ, ಚೀಟಿ ಇಲ್ಲ." ಫ್ಲೆಕ್ಸ್ ಬಿಟ್ಟು ಪೇಂಟರ್ ಕೈಲಿ ಬರೆಸಿದೆವು. "ಆಯ್ತಾ"ದ ತ ಒತ್ತಿಗೆ ಅವರು ಕೇಳದೆಯೇ ಜಾಗ ಬಿಟ್ಟಿದ್ದರು.

ಹಿರಿಯರೊಬ್ಬರಿಗೆ ಬೇಸರವಾಯಿತು. ಮಠದ ಬೋರ್ಡಿನಲ್ಲಿ ದೇವರ ಹೆಸರೇ ಇಲ್ಲವಲ್ಲ ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಅದಕ್ಕೇ ವಚನವನ್ನು ಪೂರ್ತಿ, "ಕೂಡಲಸಂಗಮದೇವಾ, ನಿಮ್ಮ ಮನೆಯ ಮಗನೆಂದೆನಿಸಯ್ಯಾ" ಅನ್ನುವ ತನಕ, ಊಟದ ಹಾಲಿನ ಗೋಡೆಗೆ ಬರೆಸಿದೆವು. ತಟ್ಟೆ ಇಟ್ಟು ಬಡಿಸುವ ತನಕ ಜನ ಅದನ್ನು ನಿಧಾನವಾಗಿ ಓದುತ್ತಾರೆ.

ಈಗ ಗೇಟಿನ ಹತ್ತಿರ ಬಂದವರು "ನಿಮ್ಮವರಿಗೆ ಮಾತ್ರವಾ?" ಅಂತ ಕೇಳುವುದು ನಿಂತಿದೆ. ಬೋರ್ಡು ಓದಿ, "ಇನ್ನೂ ಇಲ್ಲ" ಅಂತ ಬೋರ್ಡಿಗೇ ಉತ್ತರ ಹೇಳುತ್ತಾ ಒಳಗೆ ಬರುತ್ತಾರೆ.